ಎಡಗೈ ತಾವರೆ

ನಮ್ಮೂರಿನಲ್ಲಿ ಹೆಂಗಸೊಬ್ಬಳು ವಿಧವೆಯಾದ ಸುದ್ದಿಯನ್ನು ಯಾರೂ ಹೊತ್ತು ತರಬೇಕಾಗಿಲ್ಲ. ರೊಟ್ಟಿ ತಟ್ಟುತ್ತಿರುವಾಗಲೋ, ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿರುವಾಗಲೋ ಕತ್ತಿನ ಹಿಂದಿನ ಗಂಟು ತಾನಾಗಿ ಸಡಿಲಗೊಂಡು ತಾಳಿ ಮಡಿಲಿಗೆ ಜಾರುತ್ತದೆ. ಕಟ್ಟಿದ ಕೈ ಎಲ್ಲೋ ನಿಂತುಹೋಯಿತೆಂದು ಅವಳಿಗೆ ತಿಳಿಯುತ್ತದೆ. ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಸುತ್ತ ಕೂರುತ್ತಾರೆ. ನನ್ನ ತಾಳಿ ಜಾರಲಿಲ್ಲ. ಗಂಡ ಹೊಳೆ ದಾಟಿ ಹೋದ ವರ್ಷ ಹುಟ್ಟಿದ ಮಗಳು ಮದುವೆಗೆ ಬಂದು ನಿಂತರೂ ಜಾರಲಿಲ್ಲ. ಅವನು ಬದುಕಿದ್ದಾನೆ, ಬದುಕಿದ್ದೂ ಬರಲಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳದೆಯೇ ಊರೆಲ್ಲ ನನ್ನ ಕುತ್ತಿಗೆಯಲ್ಲಿ ಓದುತ್ತಿತ್ತು. ಗಂಡ ಸತ್ತವಳಿಗೆ ಊರು ಹೆಗಲು ಕೊಡುತ್ತದೆ. ಗಂಡ ಬಿಟ್ಟವಳಿಗೆ ದಾರಿ ಬಿಡುತ್ತದೆ, ಅಷ್ಟೆ.

ನಾನು ಹೊಳೆಯಾಚೆಯವಳು. ಅಲ್ಲಿ ಯಾರು ಹಾಕಿದ ಗಂಟನ್ನು ಯಾರು ಬೇಕಾದರೂ ಬಿಚ್ಚುತ್ತಾರೆ. ಇಲ್ಲಿ ಹಾಕಿದ ಕೈಯೇ ಬಿಚ್ಚಬೇಕು; ಕುಡುಗೋಲಿಗೂ ಅದು ಜಗ್ಗುವುದಿಲ್ಲ, ಆ ಕೈ ಸತ್ತರೆ ಮಾತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎದುರುಮನೆಯ ಯಜಮಾನ ಹೆಂಡತಿಯ ಮೇಲೆ ಮುನಿದು, ಉಪ್ಪಿನಕಾಯಿ ಜಾಡಿಯ ಬಾಯಿಬಟ್ಟೆಗೆ ಗಂಟು ಬಿಗಿದು ಅಕ್ಕನ ಊರಿಗೆ ಹೋಗಿ ಕೂತಿದ್ದ. ಆ ಮನೆಯವರು ಮಳೆಗಾಲವಿಡೀ ಬರೀ ಮಜ್ಜಿಗೆಯಲ್ಲಿ ಉಂಡೆದ್ದರು. ದೋಣಿಯವನು ಗೂಟಕ್ಕೆ ಹಗ್ಗ ಸುತ್ತಿ ನಿದ್ದೆಹೋದರೆ ಅವನು ಏಳುವವರೆಗೆ ಕಡಲೆಕಾಯಿ ಸುಲಿಯುತ್ತ ಕೂರುವುದನ್ನು ಎರಡು ದಡದವರೂ ಕಲಿತಿದ್ದರು. ಮಕ್ಕಳಿಗೆ ಮಾತು ತಿದ್ದುವ ಮೊದಲೇ ಗಂಟು ಕಲಿಸುತ್ತಿದ್ದರು. ಚಡ್ಡಿಯ ಲಾಡಿಯನ್ನು ತಾಯಿ ಕಟ್ಟಿ ಹೊಲಕ್ಕೆ ಹೋದರೆ ಮಗುವಿನ ಪಾಡು ಏನಾಗಬೇಕು? ಇನ್ನು ಹೆಣ್ಣಿನ ಕುತ್ತಿಗೆಯಲ್ಲಿ ಗಂಡ, ಮುಂಗೈಯಲ್ಲಿ ಅಪ್ಪ ಎಂಬ ಮಾತೊಂದಿತ್ತು. ಮದುವೆಯ ದಿನ ಅಪ್ಪ ಮಗಳ ಮುಂಗೈಗೆ ಕಂಕಣದ ಹುರಿ ಕಟ್ಟುತ್ತಾನೆ. ಅದು ಇರುವವರೆಗೆ ತವರಿನಲ್ಲಿ ಅವನೂ ಇದ್ದಾನೆಂದು ಅರ್ಥ.

ಇಂಥ ಊರಿನಲ್ಲಿ ನನ್ನ ಅತ್ತೆ ಹೊಂಬಾಳಮ್ಮನದು ದೊಡ್ಡ ಕೈ. ತೊಟ್ಟಿಲ ಹಗ್ಗ, ಬೆಣ್ಣೆಗಡಿಗೆ ತೂಗುವ ನೆಲುವು, ಎತ್ತಿನ ಕೊರಳಿನ ಗೊಂಡೆಸರ, ಬಾವಿಯ ಹಗ್ಗಕ್ಕೆ ಹಿಡಿಗಂಟು, ಎಲ್ಲವೂ ಅವರಿಂದಲೇ ಆಗಬೇಕು. ಹುರಿ ಒಂದೇ ಆದರೂ ಅದರಲ್ಲಿ ಎಳ್ಳುಗಂಟು, ಗುಬ್ಬಿಗಂಟು, ಹಾಗಲಬೀಜದ ಹೆಣಿಗೆ ಎಂದು ನಾನಾ ಬಗೆ ತೆಗೆಯುತ್ತಿದ್ದರು. ಉಳಿದವರು ಹಾಕುವುದು ಗಂಟು, ಹೊಂಬಾಳಮ್ಮ ಹಾಕುವುದು ಹೂವು ಎನ್ನುತ್ತಿದ್ದರು ಜನ. ಗಂಟನ್ನು ನೋಡಿ ಅದು ಯಾರದೆಂದು ಹೇಳುವುದಕ್ಕೆ ಇಲ್ಲಿ ಕೈ ಓದುವುದು ಎಂದು ಹೆಸರು. ಊರಿನ ಚಿಕ್ಕ ಮಕ್ಕಳೂ ಓದುತ್ತಾರೆ. ತಾಳಿಯ ಹುರಿಗೆ ಹಾಕುವ ತಾವರೆಗಂಟನ್ನು ಊರಿನ ಮದುವಣಿಗರೆಲ್ಲ ನಮ್ಮ ಜಗಲಿಯಲ್ಲಿ ಕೂತು ಅತ್ತೆಯಿಂದಲೇ ಕಲಿತು ಹೋಗುತ್ತಿದ್ದರು. ಅವರ ಮಗ ಗವಿರಂಗ, ಅಂದರೆ ನನ್ನ ಗಂಡ, ಎಡಚ. ಅವನು ಕಟ್ಟಿದ ತಾವರೆಯ ಎಸಳುಗಳು ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿದ್ದವಂತೆ. ಧಾರೆಯ ಮಂಟಪದಲ್ಲಿ ಹೆಂಗಸರೆಲ್ಲ ನನ್ನ ಬೆನ್ನ ಹಿಂದೆ ನೆರೆದು, ಎಡಗೈ ತಾವರೆ ನೋಡ್ರವ್ವ ಎಂದು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ನಾನು ಮಾತ್ರ ನೋಡಲಿಲ್ಲ. ಕತ್ತಿನ ಹಿಂದಿನ ಹೂವನ್ನು ಹೊತ್ತವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ನೋಡಬಹುದು.

ನಾನು ತುಂಬಿದ ಬಸುರಿಯಾಗಿದ್ದಾಗ ಗವಿರಂಗ ಹಗ್ಗದ ಹೊರೆ ಹೊತ್ತು ದೂರದ ಸಂತೆಗಳಿಗೆ ಹೊರಟ. ಹೆರಿಗೆಗೆ ಮುಂಚೆ ಬಂದುಬಿಡುತ್ತೇನೆ ಎಂದ. ಬರಲಿಲ್ಲ. ಸಾವಂತ್ರಿ ಹುಟ್ಟಿದ್ದು ಹೊತ್ತು ಇಳಿಯುವಾಗ. ಪಕ್ಕದ ಮನೆಯ ಸೂಲಗಿತ್ತಿ ಸಣ್ಣತಾಯಮ್ಮ ಮಗುವನ್ನು ಎತ್ತಿಕೊಂಡಿದ್ದಷ್ಟೇ ನೆನಪು. ಆಮೇಲೆ ಬಾಣಂತಿ ಜ್ವರ ಏರಿ, ಸನ್ನಿಯಾಗಿ, ಬಜೆಯ ವಾಸನೆ ಮತ್ತು ಕಷಾಯ ಕುಡಿಸಲು ನನ್ನ ಕತ್ತಿನ ಹಿಂದೆ ಕೈಯಿಟ್ಟು ತಲೆಯೆತ್ತುತ್ತಿದ್ದ ಯಾರದೋ ಬೆರಳುಗಳು, ಇಷ್ಟು ಬಿಟ್ಟರೆ ಮತ್ತೇನೂ ಉಳಿದಿಲ್ಲ. ಜ್ವರ ಬಿಟ್ಟ ಬೆಳಿಗ್ಗೆ ಕಣ್ಣು ತೆರೆದವಳೇ ಮೊದಲು ಎದೆ ತಡವಿದೆ. ತಾಳಿ ಇತ್ತು. "ಬದುಕವ್ರೆ ಅತ್ತೆ" ಎಂದೆ. ಅತ್ತೆ ಹೂಂ ಎಂದು ಹೇಳಿ, ಕರುವಿಗೆ ನೀರಿಡಬೇಕೆಂದು ಕೊಟ್ಟಿಗೆಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮೊದಮೊದಲು ದಾರಿ ಕಾದೆ. ಆಮೇಲೆ ಸಿಟ್ಟು ಬಂತು. ಆಮೇಲೆ ಬಂದದ್ದು ನಾಚಿಕೆ, ಅದು ಬಂದದ್ದು ಹೋಗಲೇ ಇಲ್ಲ. ಕೆರೆಯ ಬಳಿ ಹೆಂಗಸರ ಕಣ್ಣು ಮೊದಲು ನನ್ನ ಕತ್ತಿಗೆ ಹೋಗಿ, ಅಲ್ಲಿಂದ ಥಟ್ಟನೆ ನೀರಿಗಿಳಿಯುತ್ತಿತ್ತು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಎದೆಯ ಮೇಲಿನ ತಾಳಿ ಕಾಣದಂತೆ ಸೆರಗನ್ನು ಮುಂದಕ್ಕೆ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಂದಿಗೆ ತುಂಬಿ, ಯಾರನ್ನೂ ನೋಡದೆ ಬರುತ್ತಿದ್ದೆ. ನನ್ನ ಅಣ್ಣ ಒಮ್ಮೆ ಗಾಡಿ ಕಟ್ಟಿಕೊಂಡು ಬಂದು ತವರಿಗೆ ಕರೆದ. ಗಂಡ ಸತ್ತವಳಾದರೆ ಬರುತ್ತಿದ್ದೆ, ಬೇಕೆಂದರೆ ಇನ್ನೊಬ್ಬನ ಕೈಯಲ್ಲಿ ಕೂಡಿಕೆಯೂ ಆಗುತ್ತಿದ್ದೆ. ಗಂಡ ಬದುಕಿರುವಾಗ ಬಂದರೆ ಬಿಟ್ಟವಳೆಂಬ ಹೆಸರನ್ನು ಹೊಳೆಯಾಚೆಗೂ ಹೊತ್ತಂತಾಗುತ್ತದೆ ಎಂದು ಅವನನ್ನು ಬರಿಗಾಡಿಯಲ್ಲಿ ಕಳಿಸಿದೆ. ಅವತ್ತು ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಹೊರಗೆ ನುಂಗಿಕೊಂಡದ್ದನ್ನೆಲ್ಲ ನಾನು ಒಳಗೆ ಅವರ ಮೇಲೆ ಕಾರಿದೆ. "ನಿಮ್ಮ ಮಗ ಎಲ್ಲೋ ಇನ್ನೊಬ್ಬಳ ಕತ್ತಿಗೆ ಹೂ ಕಟ್ಟವ್ನೆ ಅತ್ತೆ. ಅದನ್ನೂ ಎಡಗೈಯಾಗೇ ಕಟ್ಟಿರ್ತಾನೆ" ಎನ್ನುತ್ತಿದ್ದೆ. ದೀಪ ಹಚ್ಚುವ ಹೊತ್ತಿನಲ್ಲಿ, ಕೇಳಲೆಂದೇ ದನಿಯೆತ್ತಿ, ಈ ಊರಿನಲ್ಲಿ ಶತ್ರುವಿಗೂ ಹೇಳದ ಮಾತು ಹೇಳುತ್ತಿದ್ದೆ: ಅವನ ಗಂಟು ಬಿಚ್ಚಿಹೋಗಲಿ. ಅತ್ತೆಯ ಬೆರಳುಗಳು ಹುರಿಯ ಮೇಲೆ ಓಡುತ್ತಲೇ ಇದ್ದವು. ಒಂದು ಸಲ ಹುರಿಯ ತುದಿಯನ್ನು ನನ್ನ ಕೈಗಿಟ್ಟು, "ಕಲ್ತ್ಕೊ ಮಗಾ. ಹಾಕೋದು ಬರ್ದಿದ್ರೆ ಬ್ಯಾಡ, ಕೈ ಓದೋದಾದ್ರೂ ಕಲಿ" ಎಂದರು. ನಿಮ್ಮ ಮನೆಯ ವಿದ್ಯೆ ನನ್ನ ಕತ್ತಿಗೆ ಬಿದ್ದಿರುವುದೇ ಸಾಕೆಂದು ಹುರಿಯನ್ನು ಅಂಗಳಕ್ಕೆ ಎಸೆದೆ. ನಾರು ಹೊಸೆದು ಹುರಿ ಮಾಡಿಕೊಡುವುದಕ್ಕಿಂತ ಮುಂದೆ ನಾನು ಕಲಿಯಲಿಲ್ಲ. ದಿನವೂ ತಲೆಗೆ ಎಣ್ಣೆ ಹಚ್ಚುವಾಗ ಬೆರಳಿಗೆ ಆ ಗಂಟು ತಾಗುತ್ತಿತ್ತು. ಅದು ನನಗೆ ಒಂದು ಒರಟು ಕಾಳು, ಅಷ್ಟೆ. ಅತ್ತೆಯ ಇನ್ನೊಂದು ರೀತಿಯೂ ನನಗೆ ಅರ್ಥವಾಗುತ್ತಿರಲಿಲ್ಲ: ಸಾವಂತ್ರಿ ಹುಟ್ಟಿದ ದಿನ ಪ್ರತಿ ವರ್ಷವೂ ಉಪವಾಸವಿರುತ್ತಿದ್ದರು. ಮೊಮ್ಮಗಳಿಗೆ ಪಾಯಸ ಬಡಿಸಿ ತಾವು ನೀರನ್ನೂ ಮುಟ್ಟುತ್ತಿರಲಿಲ್ಲ. ಹರಕೆ ಎನ್ನುತ್ತಿದ್ದರು.

ಮಗಳು ಅಜ್ಜಿಯ ಮಡಿಲಲ್ಲೇ ಕೂತು ವಿದ್ಯೆ ಕಲಿತಳು. ನನ್ನ ತಲೆ ಬಾಚುವುದು ಅವಳ ಕೆಲಸ. ಬಾಚುತ್ತ ಬಾಚುತ್ತ ಏಕೋ ಕೈ ನಿಲ್ಲಿಸಿಬಿಡುತ್ತಿದ್ದಳು. ಮೇಗಲ ಬೀದಿಯಲ್ಲಿ ಗಾಣ ನಡೆಸುವ ಲಿಂಗಯ್ಯ ಅವಳನ್ನು ತನ್ನ ಮಗನಿಗೆ ಕೇಳಿಕೊಂಡು ಬಂದಾಗ ನಾನು ಈ ಜನ್ಮದ ನಾಚಿಕೆಯೆಲ್ಲ ತೀರಿತೆಂದುಕೊಂಡೆ. ವೀಳ್ಯದ ತಟ್ಟೆ ಮುಂದಿಟ್ಟುಕೊಂಡು ಅವನು ಕೆಮ್ಮಿದ. "ಕಂಕಣ ಅಪ್ಪನ ಕೈಯಿಂದ್ಲೇ ಆಗ್ಬೇಕು. ಅಪ್ಪ ಇಲ್ಲ ಅಂದ್ರೆ ಇಲ್ಲ ಅನ್ನಿ, ಅವನ ಹೆತ್ತವ್ವ ಕಟ್ಟಲಿ. ಎರಡ್ರಾಗೆ ಒಂದು ಬಾಯ್ಬಿಟ್ಟು ಹೇಳಿ, ತಟ್ಟೆ ಬದಲಾಯಿಸ್ಕೊಳಾಣ." ಹೀಗೆ ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ಕಣ್ಣು ಅತ್ತೆಯ ಮೇಲಿತ್ತು. ನನ್ನ ಮುಖ ನೋಡಲು ಅವನಿಗೂ ಹೇಸಿಗೆಯಾಯಿತೆಂದು ನಾನು ತಲೆ ತಗ್ಗಿಸಿದೆ.

ತಗ್ಗಿಸಿದ ತಲೆಯನ್ನು ಎತ್ತಿದಾಗ ಮನಸ್ಸು ಗಟ್ಟಿಯಾಗಿತ್ತು. ನಾನೇ ಹೊಳೆ ದಾಟುತ್ತೇನೆ, ಸಂತೆ ಸಂತೆ ಅಲೆದು, ಎಡಗೈಯಲ್ಲಿ ಗಂಟು ಹಾಕುವ ಗಂಡಸನ್ನು ಕಂಡಿರಾ ಎಂದು ಕಂಡಕಂಡವರನ್ನು ಕೇಳಿ, ಅವನು ಯಾರ ಮನೆಯ ಜಗಲಿಯಲ್ಲಿದ್ದರೂ ಎಳೆದು ತರುತ್ತೇನೆ ಎಂದೆ. ಕೇಳಿದರೆ ಸಿಗುವ ಉತ್ತರಗಳು, ನಗೆಗಳು ಏನೆಂದು ನನಗೆ ಗೊತ್ತಿತ್ತು. ಮಗಳ ಮುಂಗೈಗಾಗಿ ಅದನ್ನೂ ಹೊರಲು ಸಿದ್ಧಳಿದ್ದೆ. ಅತ್ತೆಯ ಕೈಯಲ್ಲಿದ್ದ ಹುರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದರು, ಬಲಗೈ ಬೆರಳು ಮಡಿಚಲಿಲ್ಲ. ನಾನು ಹೊರಡುವುದು ನಿಂತಿತು.

ಅಷ್ಟು ದೊಡ್ಡ ಕೈ ಸೋತಿತೆಂದ ಮೇಲೆ ಊರು ಸುಮ್ಮನಿರುವಂತಿಲ್ಲ. ಅರ್ಧ ಊರಿನ ತೊಟ್ಟಿಲುಗಳು ಆ ಕೈಯ ಗಂಟಿನಲ್ಲೇ ತೂಗುತ್ತಿದ್ದವು. ಸಾಯುವ ಮೊದಲು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಬಿಡುಗಡೆ ಎನ್ನುತ್ತಾರೆ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಮನೆಮನೆಗೂ ಹೊತ್ತುಕೊಂಡು ಹೋಗಿ, ಅವರು ಕಟ್ಟಿದ್ದನ್ನೆಲ್ಲ ಅವರ ಕೈಯಿಂದಲೇ ಬಿಚ್ಚಿಸಿಕೊಳ್ಳುವುದು. ಆ ದಿನ ನಾನು ಕುರ್ಚಿಯ ಪಕ್ಕದಲ್ಲಿ ನಡೆದೆ. ಒಂದೊಂದು ಮನೆಯಲ್ಲೂ ತಾಯಿ ಮಗುವನ್ನು ಎದೆಗೆತ್ತಿಕೊಂಡು ನಿಲ್ಲುತ್ತಿದ್ದಳು, ಅತ್ತೆ ಆ ಮಡಿಚದ ಬೆರಳನ್ನು ಹೇಗೋ ಹಗ್ಗಕ್ಕೆ ತಾಗಿಸುತ್ತಿದ್ದರು. ಕೈ ಸೋಕಿದ್ದೇ ಸಾಕು, ಗುಬ್ಬಿಗಂಟುಗಳೆಲ್ಲ ಒಂದರ ಹಿಂದೊಂದು ಬಿಚ್ಚಿಕೊಂಡು ಬರಿ ಹಗ್ಗ ನೆಲಕ್ಕೆ ಇಳಿಯುತ್ತಿತ್ತು. ನೆಲುವಿನಿಂದ ಮೊಸರಿನ ಗಡಿಗೆಗಳನ್ನು ಕೈಯಿಂದ ಕೈಗೆ ದಾಟಿಸಿಕೊಂಡರು. ಒಬ್ಬ ಮುದುಕ ತನ್ನ ಎತ್ತಿನ ಗೊಂಡೆಸರ ಬಿಚ್ಚಿಸಿಕೊಂಡಾಗ ಅತ್ತೆಯನ್ನು ಛೇಡಿಸಿದ: "ಹೊಂಬಾಳಿ, ನಮ್ಮ ಬಸವ ಈಗ ಬೋಳ ಆದ. ನಿನ್ನ ಕಂಡ್ರೆ ಹಾಯ್ದೇ ಬಿಡ್ತಾನೆ ನೋಡು." ಅತ್ತೆ ನಕ್ಕರು. ಬಿಚ್ಚಿದ ಹಗ್ಗಗಳನ್ನು ಊರಿನವರು ಗಾಡಿಗೆ ಪೇರಿಸುತ್ತಿದ್ದರು. ಗಂಟು ಹೋದರೂ ಅದರ ಸುಕ್ಕು ಹೋಗಿರಲಿಲ್ಲ, ಎಲ್ಲೆಲ್ಲಿ ಯಾವ ಹೂವಿತ್ತೆಂದು ಹಗ್ಗಕ್ಕೆ ನೆನಪಿದ್ದಂತಿತ್ತು.

ಕೊನೆಯ ಮನೆಯ ಮುಂದೆ ಊರಿನ ಹಿರಿಯರು ವಾಡಿಕೆಯ ಪ್ರಶ್ನೆ ಕೇಳಿದರು: ಈ ಕೈಯದು ಇನ್ನೇನಾದರೂ ಹೊರಗೆ ಉಳಿದಿದೆಯೇ? ಉಳಿದಿಲ್ಲವೆಂದು ಹೇಳಿದ ಮೇಲೆ ಆ ಕೈ ಮತ್ತೆ ಗಂಟು ಹಾಕುವಂತಿಲ್ಲ; ಸುಳ್ಳು ಹೇಳಿದ ಕೈಯೆಂದರೆ ಇಲ್ಲಿ ಅದಕ್ಕಿಂತ ಹೊಲಸು ಬೈಗುಳ ಬೇರೆ ಇಲ್ಲ. ಅತ್ತೆ ತಮ್ಮ ಬಲಗೈಯನ್ನೇ ನೋಡಿಕೊಂಡರು. ಜನರೆಲ್ಲ, ಏನು ಕಾರಣವೋ, ಉಸಿರು ಹಿಡಿದವರಂತೆ ನಿಂತಿದ್ದರು. ಆಮೇಲೆ ಅವರು ಏನೂ ಉಳಿದಿಲ್ಲ ಎಂದರು. ಸಣ್ಣತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ನಡೆದುಬಿಟ್ಟಳು.

ಮಾರನೆಯ ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಂಡೆ. ಅತ್ತೆಯನ್ನು ನೋಡಿಕೊಳ್ಳುವಂತೆ ಸಾವಂತ್ರಿಗೆ ಹೇಳಿದೆ. ಅವಳು ನೀರಿಗೆಂದು ಹೋದಳು. ಜಗಲಿಯಲ್ಲಿ ಹಗ್ಗದ ರಾಶಿಗೆ ಒರಗಿ ಕೂತಿದ್ದ ಅತ್ತೆ, "ತಲೆ ಕೆದರ್ಕೊಂಡು ಹೊಳೆ ದಾಟ್ತೀಯಾ? ಕೂತ್ಕೊ, ಬಾಚ್ತೀನಿ" ಎಂದರು. ಆ ಕೈಯಲ್ಲಿ ಬಾಚಣಿಗೆ ಹಿಡಿಯುವುದೇ ಕಷ್ಟ. ಆದರೂ ಅವರ ಮುಂದೆ ಬೆನ್ನು ಮಾಡಿ ಕೂತೆ. ಕೊನೆಯ ಸಲವೆಂಬಂತೆ ಒಂದಿಷ್ಟು ಮೆತ್ತಗಾಗಿದ್ದೆನೋ ಏನೋ. ಅವರು ಬಾಚಲಿಲ್ಲ. ಕೂದಲನ್ನು ಒಂದು ಪಕ್ಕಕ್ಕೆ ಸರಿಸಿದರು. ತಣ್ಣನೆಯ ಬೆರಳೊಂದು ಕತ್ತಿಗೆ ಸೋಕಿತು. ನನ್ನ ತಾಳಿ ಸದ್ದಿಲ್ಲದೆ ಜಾರಿ ಮಡಿಲಲ್ಲಿ ಬಿತ್ತು.

ಮಡಿಲಲ್ಲಿದ್ದದ್ದನ್ನು ನೋಡುತ್ತ ಕೂತೆ. ಮೇಣ ಮತ್ತು ಅರಿಶಿನ ತಿಂದ ಹುರಿ. ಅದರಲ್ಲಿ ಎರಡು ಸುಕ್ಕು ಇದ್ದವು. ಒಂದು ಎಡಕ್ಕೆ ಹೊರಳಿದ ಹಳೆಯದು, ಮಾಸಿತ್ತು. ಅದರ ಮೇಲೆಯೇ ಬಲಕ್ಕೆ ಹೊರಳಿದ್ದು ಇನ್ನೊಂದು. ಓದಲು ಕಲಿಯದವಳಿಗೂ ಅದು ಕಾಣುತ್ತಿತ್ತು. ಯಾವಾಗ ಎಂದೆ.

"ಸಾವಂತ್ರಿ ಹುಟ್ಟಿದ ಹೊತ್ತು. ಕೂಸು ಇನ್ನಾ ಅತ್ತಿರ್ಲಿಲ್ಲ, ನಿನ್ನ ಕತ್ತಿಂದು ಬಿಚ್ಕೊಂಡು ರಕ್ತದಾಗೆ ಬಿತ್ತು. ಎತ್ತಿ ತೊಳ್ದು ಕಟ್ಟಿದೆ" ಎಂದರು ಅತ್ತೆ. ಅವನು ಎಲ್ಲಿ ಸತ್ತ, ಹೇಗೆ ಸತ್ತ ಎಂಬುದು ಅವರಿಗೂ ತಿಳಿಯದು. ಮಗ ಸತ್ತನೆಂದು ಒಂದು ಹನಿ ಎಳ್ಳುನೀರನ್ನೂ ಬಿಟ್ಟಿರಲಿಲ್ಲ. "ಜ್ವರ ಇಳೀಲಿ ಅಂದೆ. ಬಾಣಂತನ ಮುಗೀಲಿ ಅಂದೆ. ಆಮೇಲೆ ನಂಗೇ ಆಸೆ ಹುಟ್ತು. ಬಿಚ್ಚೋಯ್ತು ಅಂತ ತಿಳಿದ್ರೆ ನೀನು ನಿಮ್ಮಣ್ಣನ ಗಾಡಿ ಹತ್ತಿಬಿಡ್ತಿದ್ದೆ, ಕೂಸ್ನೂ ಎತ್ಕೊಂಡು ಹೋಗ್ತಿದ್ದೆ. ನಂಗ್ಯಾರಿದ್ರು ಮಗಾ? ಅದಾದ ಮ್ಯಾಲೆ ಹೇಳಾಕೆ ನಾಚ್ಕೆ. ನಾಚ್ಕೆನೂ ಕೂಸಿನಂಗೇ ಬೆಳೀತಾ ಹೋಯ್ತು."

ಗಂಡ ಸತ್ತನೆಂದು ತಿಳಿದ ಹೆಂಗಸಿಗೆ ಅಳು ಬರಬೇಕು. ನನಗೆ ಬಂದದ್ದು ದೀಪ ಹಚ್ಚುವ ಹೊತ್ತಿನ ನೆನಪು. ಅಷ್ಟು ವರ್ಷ, ಸತ್ತವನಿಗೆ ಸಾಯೆಂದು ಶಾಪ ಹಾಕಿದ್ದೆ; ಹೆತ್ತವಳು ಪಕ್ಕದಲ್ಲಿ ಕೂತು ಕೇಳಿದ್ದಳು. ಆ ನಾಚಿಕೆಯನ್ನು ನೇರವಾಗಿ ನೋಡುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಸಿಟ್ಟಿನ ಕಡೆಗೆ ಹೊರಳಿದೆ. ಸಿಟ್ಟಿಗೆ ಕಾರಣ ಬೇಕಷ್ಟಿತ್ತು: ಬರಿಗಾಡಿಯಲ್ಲಿ ಹೋದ ಅಣ್ಣ, ಕೆರೆಯ ಮೆಟ್ಟಿಲು, ಎದೆಗೆ ಬಿಗಿದ ಸೆರಗು. ನನ್ನನ್ನು ಊರೆಲ್ಲ ಓದಿ ನಕ್ಕಿತಲ್ಲ, ಇನ್ನು ಇವರನ್ನು ಓದಲಿ ಎನ್ನಿಸಿತು. ಎದ್ದು ನಿಂತು ಹೇಳಿದೆ: "ಕಂಕಣ ನೀವೇ ಕಟ್ಬೇಕು. ಬಿಡುಗಡೆ ಆದ ಕೈಯಾಗೇ ಕಟ್ಬೇಕು. ಯಾಕೆ ಕಟ್ತಾ ಇದೀನಿ ಅಂತ ಮಂಟಪದಾಗೆ ನಿಂತು ಎಲ್ಲಾರ ಮುಂದೆ ಹೇಳ್ಬೇಕು." ಅದರ ಅರ್ಥ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಊರಿನ ದೊಡ್ಡ ಕೈ ತಾನು ಸುಳ್ಳು ಹೇಳಿದ ಕೈಯೆಂದು ತಾನೇ ಒಪ್ಪಿಕೊಳ್ಳಬೇಕಿತ್ತು. ಅತ್ತೆ ನನ್ನ ಮುಖವನ್ನೇ ನೋಡಿದರು. "ಕಟ್ಲಾ?" ಎಂದರು, ಮಗು ತಿಂಡಿ ಕೇಳಿದ ಹಾಗೆ. ನಾನು ಒಳಗೆ ಹೋದೆ.

ಮದುವೆಯವರೆಗೆ ಯಾರಿಗೂ ಹೇಳಲಿಲ್ಲ. ಸೆರಗನ್ನು ಹಿಂದಿನಿಂದ ಕತ್ತು ಮುಚ್ಚುವಂತೆ ಹೊದ್ದು ಕೆರೆಗೆ ಹೋಗಿ ಬಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಂಗಯ್ಯನಿಗೆ, ಮಂಟಪದಲ್ಲಿ ಉತ್ತರ ಸಿಗುತ್ತದೆ, ತಟ್ಟೆ ಬದಲಾಯಿಸಿಕೊಳ್ಳೋಣ ಎಂದು ಹೇಳಿಕಳಿಸಿದೆ. ಅವನು ಮರುಮಾತಿಲ್ಲದೆ ಒಪ್ಪಿದ. ನಾನು ಹೆಣ್ಣಿನ ತಾಯಿಯಂತೆ ಅಕ್ಕಿ ಆರಿಸಲಿಲ್ಲ, ಸೋಬಾನೆಗೆ ದನಿಗೂಡಿಸಲಿಲ್ಲ. ಮಂಟಪದಲ್ಲಿ ಎಲ್ಲರ ಬಾಯಿ ತೆರೆದುಕೊಳ್ಳುವ ಗಳಿಗೆಯನ್ನು ಮನಸ್ಸಿನಲ್ಲಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಕಾಯುತ್ತಿದ್ದೆ.

ಆ ಗಳಿಗೆ ಬಂತು. ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಕಂಕಣದ ಹುರಿಯನ್ನು ಅರಿಶಿನದಲ್ಲಿ ಅದ್ದಿ, ಕಟ್ಟುವವರು ಯಾರು ಎಂದು ಕೂಗಿದರು. ಅತ್ತೆ ಕಂಬ ಹಿಡಿದು ಎದ್ದರು. ಗದ್ದಲ ತಾನಾಗಿ ನಿಂತಿತು. ನಾನು ಅವರನ್ನು ನೋಡಲಿಲ್ಲ. ನೆರೆದವರ ಮುಖಗಳಿಗೆ ಎದುರಾಗಿ ನಿಂತೆ, ಒಂದೂ ತಪ್ಪಿಹೋಗಬಾರದೆಂದು. "ನನ್ನ ಮಗ ಗವಿರಂಗ ಇಲ್ಲ. ಈ ಕೂಸು ಹುಟ್ಟಿದ ದಿನ್ವೇ ಹೋದ. ಸೊಸೆ ಕತ್ತಿಗೆ ಗಂಟು ಹಾಕಿ ಮುಚ್ಚಿಟ್ಟೆ. ಬಿಡುಗಡೆ ದಿನ ಏನೂ ಉಳಿದಿಲ್ಲ ಅಂದೆ, ಸುಳ್ಳು. ಉಳಿದಿದ್ದು ಅದೊಂದೇ" ಎಂದರು ಅತ್ತೆ.

ಯಾರೂ ಬೆಚ್ಚಲಿಲ್ಲ. ಒಂದು ಬಾಯಿಯೂ ತೆರೆಯಲಿಲ್ಲ. ಕೆರೆಯ ಮೆಟ್ಟಿಲ ಹೆಂಗಸರೆಲ್ಲ ಸಾಲಾಗಿ ಮಡಿಲು ನೋಡುತ್ತ ಕೂತಿದ್ದರು. ಗೊಂಡೆಸರದ ಮುದುಕ ಕೋಲಿನಿಂದ ನೆಲ ಗೀಚುತ್ತಿದ್ದ. ಲಿಂಗಯ್ಯ ತಲೆಯ ಮೇಲಿನ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ. ಸಣ್ಣತಾಯಮ್ಮ ಅಳುತ್ತಿದ್ದಳು, ಆದರೆ ಅದು ಈಗ ತಿಳಿದವಳ ಅಳುವಾಗಿರಲಿಲ್ಲ. ಆಗ ಒಂದೊಂದಾಗಿ ನನಗೆ ಅರಿವಾಗತೊಡಗಿತು. ಮುಂದಕ್ಕೆ ಬಿಗಿದ ಸೆರಗು. ಬಗ್ಗಿ ಬಿಂದಿಗೆ ತುಂಬುವಾಗ ಎಲ್ಲರಿಗೂ ತೆರೆದಿದ್ದ ಕತ್ತು. ಎಡಗೈ ತಾವರೆಯನ್ನು ನೋಡಿ ನಕ್ಕಿದ್ದ ಅದೇ ಕಣ್ಣುಗಳು ಮರುವರ್ಷ ಅಲ್ಲಿ ಬಲಕ್ಕೆ ತಿರುಗಿದ ತಾವರೆಯನ್ನು ಕಂಡಿದ್ದವು. ಅರ್ಧಕ್ಕೆ ನಿಂತ ಮಾತು, ನೀರಿಗಿಳಿದ ನೋಟ, ಅದನ್ನು ನಾನು ಹೀನಾಯವೆಂದು ಓದಿದ್ದೆ. ಓದಲು ಬಾರದವಳು ಮತ್ತೇನು ಓದಿಯಾಳು? ಊರೆಲ್ಲ ನನ್ನ ಗಂಡನಿಗಾಗಿ ಅಷ್ಟು ವರ್ಷ ನನ್ನ ಬೆನ್ನ ಹಿಂದೆ ದುಃಖಪಟ್ಟಿತ್ತು, ನನ್ನೊಬ್ಬಳನ್ನು ಬಿಟ್ಟು. ಹಾಕಿದ ಕೈಯೇ ಬಿಚ್ಚಬೇಕೆಂದು ಯಾರೂ ನನಗೆ ಹೇಳಿರಲಿಲ್ಲ; ಅತ್ತೆ ತಾವಾಗಿ ಬಾಯಿಬಿಡಲೆಂದೇ ಲಿಂಗಯ್ಯ ಅಪ್ಪನ ಕೈ ಬೇಕೆಂದು ಪಟ್ಟು ಹಿಡಿದಿದ್ದ.

ತಡೆಯಲಾರದೆ ಮಗಳ ಕಡೆ ತಿರುಗಿದೆ. ಅಜ್ಜಿಯ ಮಾತು ಮುಗಿಯುವ ಮೊದಲೇ ಸಾವಂತ್ರಿ ಮುಂಗೈ ಚಾಚಿಕೊಂಡು ಕೂತಿದ್ದಳು.

"ನೀನೂನಾ?" ಎಂದೆ.

"ತಲೆ ಬಾಚೋವಾಗ ನೋಡ್ತಿದ್ದೆ ಅವ್ವ" ಎಂದಳು ಅವಳು, ತಲೆ ಎತ್ತದೆ. "ಅಜ್ಜೀನ ಕೇಳ್ದೆ, ಅತ್ಬಿಟ್ರು. ನೀನು ದಿನಾ ಬೈತಿದ್ಯಲ್ಲ, ಬೈಯೋಕಾದ್ರೂ ಅಪ್ಪ ಇರ್ಲಿ ಅನ್ಕೊಂಡೆ."

ಅತ್ತೆ ಮಣೆಯ ಮುಂದೆ ಕೂತರು. ಮಡಿಚದ ಬೆರಳುಗಳಿಂದ ಹುರಿ ಮತ್ತೆ ಮತ್ತೆ ಜಾರುತ್ತಿತ್ತು. ಯಾರೂ ಸಹಾಯಕ್ಕೆ ಹೋಗುವಂತಿಲ್ಲ, ಕೈ ಬೆರೆಯಬಾರದು. ಮಂಟಪವೆಲ್ಲ ಕಾಯಿತು. ಕೊನೆಗೆ ಸೊಟ್ಟಗಿನ ಒಂದು ತಾವರೆ ಮೂಡಿತು, ಹೊಸ ಮದುವಣಿಗನೊಬ್ಬ ಮೊದಲ ದಿನ ಕಟ್ಟಿದಂಥದು. ಅವರು ಮಂಡಿಯೂರಿಕೊಂಡೇ ನನ್ನ ಬಳಿಗೆ ಬಂದು ನನ್ನ ಎರಡು ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡರು. "ಸತ್ತೋಗಿದ್ದ ಕೈಗೆ ಇನ್ನೊಂದು ಕೆಲಸ ಕೊಟ್ಟೆ ಮಗಾ. ನನ್ನ ಕ್ಷಮಿಸ್ಬಿಟ್ಟೆ ನೀನು" ಎಂದರು. ನನ್ನ ಮುಂಗೈ ಒದ್ದೆಯಾಯಿತು. ಸುತ್ತಲಿನವರೆಲ್ಲ ನನ್ನನ್ನು ದೊಡ್ಡ ಮನಸ್ಸಿನವಳೆಂಬಂತೆ ನೋಡುತ್ತಿದ್ದರು. ಇಲ್ಲ, ಶಿಕ್ಷೆಯೆಂದೇ ಮಾಡಿಸಿದೆ ಎಂದು ಹೇಳಬೇಕಾಗಿದ್ದ ಗಳಿಗೆ ಅದು. ನಾನು ಸುಮ್ಮನಿದ್ದೆ.

ಆಮೇಲೆಯೂ ಹೇಳಲಿಲ್ಲ. ಮಗಳು ಮೇಗಲ ಬೀದಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ಉಣ್ಣಿಸಿದೆ, ತಲೆ ಬಾಚಿದೆ, ಗವಿರಂಗನ ಹೆಸರಿನಲ್ಲಿ ಇಬ್ಬರೂ ಹೊಳೆಗೆ ಹೋಗಿ ಎಳ್ಳುನೀರು ಬಿಟ್ಟು ಬಂದೆವು. ದೀಪ ಹಚ್ಚುವ ಹೊತ್ತಿಗೆ ನನ್ನ ಬಾಯಿ ಕಟ್ಟುತ್ತಿತ್ತು. ಅವರು ಅದನ್ನು ಗಮನಿಸಿ, ಹುರಿಯ ತುದಿಯನ್ನು ನನ್ನ ಕೈಗಿಟ್ಟು, ಎಲ್ಲಿ ಸುತ್ತಬೇಕು ಎಲ್ಲಿ ತೂರಿಸಬೇಕು ಎಂದು ಬಾಯಿಯಲ್ಲಿ ಹೇಳಿಕೊಡುತ್ತಿದ್ದರು. ಈ ಸಲ ಎಸೆಯಲಿಲ್ಲ. ಸೊಸೆ ನನ್ನನ್ನು ಕ್ಷಮಿಸಿ ಮಂಟಪದಲ್ಲಿ ಮಾನ ಉಳಿಸಿದಳೆಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ, ಹಿಂದೆ ಅವರು ನನ್ನ ಶಾಪಗಳನ್ನು ಕೇಳುತ್ತಿದ್ದ ಹಾಗೆ.

ಒಂದು ಮಧ್ಯಾಹ್ನ ಅವರಿಗೆ ಗಂಜಿ ಕಲಸುತ್ತಿದ್ದೆ. ಹೊರಗೆ ಓಡಿ ಬರುವ ಕಾಲಸಪ್ಪಳ ಕೇಳಿಸಿತು. ಬಾಗಿಲಲ್ಲಿ ಸಾವಂತ್ರಿ, ತಲೆಗೂದಲು ಬಿಚ್ಚಿ, ಮುಷ್ಟಿ ಬಿಗಿದು ನಿಂತಿದ್ದಳು. ಮುಷ್ಟಿ ಬಿಡಿಸಿದಳು. ಒಳಗೆ ಕಂಕಣದ ಹಳದಿ ಹುರಿ. ಗಂಜಿಯ ಬಟ್ಟಲನ್ನು ಹಿಡಿದೇ ನಾನು ಚಾಪೆಯ ಕಡೆ ತಿರುಗಿದೆ; ಅತ್ತೆ ಗೋಡೆಗೆ ಒರಗಿ, ಮಲಗಿದವರಂತಿದ್ದರು. ಊರಿನಲ್ಲಿ ಒಂದು ತೊಟ್ಟಿಲೂ ಬೀಳಲಿಲ್ಲ, ಒಂದು ಗಡಿಗೆಯೂ ಒಡೆಯಲಿಲ್ಲ. ಅಷ್ಟು ದೊಡ್ಡ ಕೈ ಹೋದದ್ದಕ್ಕೆ ಸಾಕ್ಷಿಯೆಂದು ಬಿಚ್ಚಿಕೊಂಡದ್ದು ನಾನು ಹಟಕ್ಕೆ ಕಟ್ಟಿಸಿದ ಆ ಒಂದೇ ಸೊಟ್ಟ ಗಂಟು.

ಈಗ ಕೆರೆಗೆ ಹೋದರೆ ಹೆಂಗಸರು ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿಕೊಡುತ್ತಾರೆ, ಮಾತು ನಡುವೆ ನಿಲ್ಲುವುದಿಲ್ಲ. ಅತ್ತೆ ಹಾಕುತ್ತಿದ್ದ ತೊಟ್ಟಿಲ ಹಗ್ಗಗಳನ್ನು ಈಗ ನಾನು ಹಾಕುತ್ತೇನೆ. ಬೇರೆಯವರ ಕೈಯನ್ನು ಒಂದು ನೋಟಕ್ಕೇ ಓದುತ್ತೇನೆ. ನನ್ನ ಕತ್ತು ಬರಿದಾಗಿದೆ, ಅಲ್ಲಿ ಓದಲು ಯಾರಿಗೂ ಏನೂ ಉಳಿದಿಲ್ಲ. ಆದರೂ ಬಿಂದಿಗೆ ಮುಳುಗಿಸಲು ಬಗ್ಗಿದಾಗ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ, ಸೆರಗನ್ನು ಎಳೆದು ಕತ್ತಿನ ಹಿಂಭಾಗವನ್ನು ಮುಚ್ಚುತ್ತದೆ.